ಇಟಲಿಯ ಪೇಟೆಯಲ್ಲಿ ಕನ್ನಡ ನಾಡಿನ ಕಾಫಿ

ಚಿಕ್ಕಮಗಳೂರು, ಕೊಡಗು, ಹಾಸನ ಈ ಮೂರು ಜಿಲ್ಲೆಗಳ ಮಲೆಗಳಲ್ಲಿ ಬೆಳೆಯತಕ್ಕ ಕಾಫಿಯು ಭಾರತದ ಒಟ್ಟು ಕಾಫಿ ಬೆಳೆಯಲ್ಲಿ ಸುಮಾರು ಶೇಕಡ 70ರಷ್ಟಾಗುವುದು. ದೇಶದ ಜನರು ಕುಡಿಯುವುದು ಬೆಳೆಯ ಸಣ್ಣ ಪಾಲನ್ನು ಮಾತ್ರ. ಹೆಚ್ಚಿನ ಪಾಲು ಹಡಗನ್ನೇರಿ ಪರದೇಶಗಳಿಗೆ ಹೋಗುತ್ತದೆ. ಹಾಗೆ ಕೊಳ್ಳುವ ದೇಶಗಳಲ್ಲಿ ಬಹುಕಾಲದಿಂದ ಮೊದಲನೆಯ ಸ್ಥಾನವು ಇಟಲಿಗೆ ಸಂದಿದೆ. ಆದುದರಿಂದ ಇಟಲಿಯ ವರ್ತಕನು ಏನನ್ನು ಬಯಸುತ್ತಾನೆ, ಏನನ್ನು ತಿರಸ್ಕರಿಸುತ್ತಾನೆ, ಯಾವ ಕಾಯಿದೆಗಳಿಗೆ ಒಳಪಟ್ಟಿದ್ದಾನೆ ಎಂಬುದು ರಫ್ತುದಾರನೊಬ್ಬನೇ ತಿಳಿದುಕೊಳ್ಳಬೇಕಾದ ವಿಷಯವಲ್ಲ. ಎರಡು ಎಕರೆಯ ತೋಟವನ್ನು ಇಟ್ಟುಕೊಂಡು, ಕೊಯ್ದ ಹಣ್ಣನ್ನು ಮನೆಯ ಮುಂದಣ ಕಣದಲ್ಲಿ ಒಣಗಿಸಿ, ಸಮೀಪದ ಊರಿನ ವ್ಯಾಪಾರಿಗೆ ಮಾರುವ ರೈತನ ಕೈಗೆ ಬರತಕ್ಕ ಬೆಲೆಯೂ ಕಟ್ಟಕಡೆಗೆ ಅಲ್ಲಿಂದಲೇ ನಿಶ್ಚಯವಾಗುತ್ತದೆ.

ಇಟಲಿಯವರು ಕಾಫಿಯನ್ನು ಕುಡಿಯುವ ಕ್ರಮವೇ ಬೇರೆ. ಇಲ್ಲಿಯಂತೆ ಬಟ್ಟಲು ತುಂಬ ಹಾಲು ಬೆರೆಸಿ, ಬೆಲ್ಲವನ್ನೋ ಸಕ್ಕರೆಯನ್ನೋ ಹಾಕಿ, ಕುಳಿತು ಕುಡಿಯುವ ಪದ್ಧತಿ ಅಲ್ಲಿ ಕಡಮೆ. ಏಳೆಂಟು ಗ್ರಾಂ ಪುಡಿಯ ಮೂಲಕ ಬಿಸಿನೀರನ್ನು ಯಂತ್ರದ ಒತ್ತಡದಿಂದ ಅರ್ಧ ನಿಮಿಷದೊಳಗೆ ಹಾಯಿಸಿ, ಎರಡು ಮೂರು ಗುಟುಕಿನಷ್ಟು ಗಟ್ಟಿಯಾದ ರಸವನ್ನು ಇಳಿಸುತ್ತಾರೆ. ಗಿರಾಕಿಯು ನಿಂತಂತೆಯೇ ಅದನ್ನು ಕುಡಿದು ಹೊರಟುಹೋಗುತ್ತಾನೆ. ಎಸ್ಪ್ರೆಸ್ಸೊ ಎಂಬ ಈ ಪಾನೀಯದ ಮೇಲೆ ಹೊಂಬಣ್ಣದ ನೊರೆಯು ನಿಲ್ಲಬೇಕು, ನಾಲಗೆಗೆ ಗಾತ್ರವು ತೋರಬೇಕು, ಹುಳಿಯು ಮೀರಬಾರದು. ಈ ಮೂರು ಗುಣಗಳನ್ನು ಕೊಡತಕ್ಕದ್ದು ರೋಬಸ್ಟ ಜಾತಿಯ ಕಾಫಿ. ಹಣ್ಣನ್ನು ಪಲ್ಪಿಂಗ್ ಮಾಡಿ, ತೊಳೆದು, ಒಣಗಿಸಿ ತೆಗೆದ ರೋಬಸ್ಟ ಪಾರ್ಚ್‌ಮೆಂಟು ಜಗತ್ತಿನ ಪೇಟೆಯಲ್ಲಿ ವಿರಳವಾದ ಸರಕು. ಬೇರೆ ದೇಶಗಳ ರೋಬಸ್ಟದಲ್ಲಿ ಹೆಚ್ಚಿನ ಪಾಲು ತೊಳೆಯದೆ ಒಣಗಿಸಿದುದು; ಅದರ ರುಚಿಯಲ್ಲಿ ಒರಟುತನವುಂಟು. ನೆರಳಿನಲ್ಲಿ ಬೆಳೆದು ಶುಚಿಯಾಗಿ ತೊಳೆದ ಕನ್ನಡ ನಾಡಿನ ರೋಬಸ್ಟಕ್ಕೆ ಇಟಲಿಯ ಹುರಿಯುವವರು ಪೇಟೆಯ ಸಾಮಾನ್ಯ ಧಾರಣೆಗಿಂತ ಹೆಚ್ಚಾಗಿ ಕೊಡಲು ಒಪ್ಪುವುದಕ್ಕೆ ಇದೇ ಕಾರಣವು. ಇಂತಹ ಪಾರ್ಚ್‌ಮೆಂಟಿನಿಂದ ದಪ್ಪ ಕಾಳುಗಳನ್ನು ಆಯ್ದು ಸಿದ್ಧಪಡಿಸಿದ ‘ಕಾಪಿ ರಾಯಲ್’ ಎಂಬ ವಿಶೇಷ ದರ್ಜೆಯೂ ಉಂಟು.

ಯೂರೋಪಿನೊಡನೆ ಈ ನಾಡಿನ ಕಾಫಿಯ ಸಂಬಂಧವು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮಲೆನಾಡಿನಿಂದ ಎತ್ತಿನ ಗಾಡಿಗಳ ಮೇಲೆ ಘಟ್ಟವಿಳಿದ ಕಾಫಿಯು ಮಂಗಳೂರಿನಲ್ಲಿ ಹಾಯಿಹಡಗುಗಳನ್ನು ಸೇರಿ, ಆಫ್ರಿಕ ಖಂಡವನ್ನು ಸುತ್ತಿಕೊಂಡು, ಅನೇಕ ತಿಂಗಳುಗಳ ತರುವಾಯ ಯೂರೋಪಿನ ಬಂದರುಗಳನ್ನು ಮುಟ್ಟುತ್ತಿತ್ತು. ಮರದ ಹಡಗಿನ ಒಡಲಿನಲ್ಲಿ ಸಮುದ್ರದ ತೇವವನ್ನು ಹೀರಿ ಬೀಜವು ಉಬ್ಬುತ್ತಿತ್ತು. ಹಸಿರು ಬಣ್ಣವು ಮಾಸಿ ಹೊನ್ನಿನ ಹಳದಿಗೆ ತಿರುಗುತ್ತಿತ್ತು. ಹುಳಿಯು ಇಳಿದು ಬೇರೊಂದು ಮೃದುವಾದ ರುಚಿಯು ಹುಟ್ಟುತ್ತಿತ್ತು. ಕೊಳ್ಳುವವರು ಇದನ್ನು ದೋಷವೆಂದು ಭಾವಿಸದೆ, ಈ ಕಾಫಿಯ ಸಹಜಗುಣವೆಂದೇ ತಿಳಿದಿದ್ದರು. 1869ರಲ್ಲಿ ಸೂಯೆಜ್ ಕಾಲುವೆಯು ತೆರೆಯಿತು. ಹೊಗೆಹಡಗುಗಳು ಬಂದುವು, ತಿಂಗಳುಗಳ ಪ್ರಯಾಣವು ವಾರಗಳಿಗೆ ಇಳಿಯಿತು. ಬೀಜವು ಹಸಿರಾಗಿಯೇ ತಲಪತೊಡಗಿದಾಗ, ಹಳೆಯ ರುಚಿಯು ಎಲ್ಲಿ ಹೋಯಿತೆಂದು ಯೂರೋಪಿನ ಗಿರಾಕಿಗಳು ಕೇಳತೊಡಗಿದರು.

ಈ ಕೊರತೆಯನ್ನು ತುಂಬಲು ಪಶ್ಚಿಮ ಕರಾವಳಿಯಲ್ಲಿ ಕಂಡುಕೊಂಡ ಉಪಾಯವೇ ‘ಮಾನ್ಸೂನ್ಡ್’ ಕಾಫಿ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನ ವರೆಗೆ, ಕಡಲಿನ ಗಾಳಿಯು ಧಾರಾಳವಾಗಿ ಆಡತಕ್ಕ, ಪಕ್ಕದ ಗೋಡೆಗಳು ತೆರೆದಿರುವ ಉಗ್ರಾಣಗಳಲ್ಲಿ ಚೆರಿ ಕಾಫಿಯ ಬೀಜವನ್ನು ಒಂದು ಗೇಣಿಗಿಂತ ಕಡಮೆ ದಪ್ಪವಾಗಿ ಹರವಿ, ಆಗಾಗ್ಗೆ ಕೈಯಾಡಿಸುತ್ತಾರೆ. ಬೀಜವು ತೇವವನ್ನು ಕುಡಿದ ಮೇಲೆ ಸಡಿಲವಾಗಿ ಚೀಲಗಳಿಗೆ ತುಂಬಿ, ಗಾಳಿಯು ನಡುವೆ ಹಾಯುವಂತೆ ಸಾಲಾಗಿ ಒಟ್ಟುತ್ತಾರೆ. ವಾರಕ್ಕೊಮ್ಮೆ ಚೀಲಗಳನ್ನು ಸುರಿದು ಮತ್ತೆ ತುಂಬುತ್ತಾರೆ. ಮೂರು ನಾಲ್ಕು ತಿಂಗಳಿನಲ್ಲಿ ಬೀಜವು ಉಬ್ಬಿ, ಬಿಳಿಚಿ, ಹೊಂಬಣ್ಣಕ್ಕೆ ಬರುತ್ತದೆ. ಸರಿಯಾಗಿ ಉಬ್ಬದ ಕಾಳುಗಳನ್ನು ಕೈಯಿಂದ ಆಯ್ದು ತೆಗೆಯುವರು. ಬೂಷ್ಟಿಗೂ ಈ ಸಂಸ್ಕಾರಕ್ಕೂ ನಡುವೆ ಇರತಕ್ಕ ಅಂತರವು ಬಹಳ ಕಿರಿದು. ಒಂದು ವಾರ ಚೀಲವನ್ನು ಹೊರಳಿಸದೆ ಬಿಟ್ಟರೆ ಹೊನ್ನಿನ ಬಣ್ಣದ ಬದಲಿಗೆ ಕಪ್ಪು ಕಲೆಯೇ ದೊರೆಯುವುದು. ಮಳೆಯನ್ನು ಶತ್ರುವೆಂದೆಣಿಸುವ ಕಾಫಿಯ ವ್ಯಾಪಾರದಲ್ಲಿ ಮಳೆಗಾಲವನ್ನೇ ಕೆಲಸಕ್ಕೆ ಹಚ್ಚಿದ ಉದಾಹರಣೆಯು ಇದೊಂದೇ ಎನ್ನಬಹುದು. ಮಾನ್ಸೂನ್ಡ್ ಮಲಬಾರ್ ಎಂಬ ಹೆಸರು ಈಗ ಭೌಗೋಳಿಕ ಸೂಚಕವಾಗಿ ನೋಂದಣಿಯಾಗಿದೆ. 2019ರಲ್ಲಿ ಕೊಡಗಿನ ಅರೇಬಿಕ, ಚಿಕ್ಕಮಗಳೂರಿನ ಅರೇಬಿಕ, ಬಾಬಾಬುಡನ್‌ಗಿರಿಯ ಅರೇಬಿಕಗಳಿಗೂ ಅದೇ ರಕ್ಷಣೆಯು ದೊರೆತಿದೆ.

ವಿಧಿಯ ಚಮತ್ಕಾರವೆಂಬಂತೆ, 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ತೊಡಗಿದಾಗ, ಅನೇಕ ಹಡಗು ಕಂಪನಿಗಳು ಸೂಯೆಜನ್ನು ಬಿಟ್ಟು ಮತ್ತೆ ಆಫ್ರಿಕವನ್ನೇ ಸುತ್ತತೊಡಗಿದುವು. ಆಗ ಇಟಲಿಗೆ ಹೋಗತಕ್ಕ ಕಾಫಿಯು ಹತ್ತು ಹದಿನಾಲ್ಕು ದಿನಗಳಿಗೆ ಕಡಮೆಯಿಲ್ಲದೆ ತಡವಾಯಿತು. ಸಾಗಣೆಯ ಬಾಡಿಗೆಯೂ ವಿಮೆಯೂ ಏರಿದುವು. ಹಣವು ಕೈಗೆ ಬರುವ ದಿನವೂ ಅಷ್ಟೇ ಹಿಂದೆ ಬಿದ್ದಿತು; ಬ್ಯಾಂಕಿನ ಬಡ್ಡಿಯು ಮಾತ್ರ ಹಿಂದೆ ಬೀಳಲಿಲ್ಲ.

ಮೊದಲು ರೈತನಿಗೆ ಈ ಚಿಂತೆಗಳೊಂದೂ ಇರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಪೇಟೆಯು ಮುಚ್ಚಿಹೋದಾಗ, 1942ರ ಕಾಫಿ ಕಾಯಿದೆಯ ಪ್ರಕಾರ ಕಾಫಿ ಮಂಡಲಿಯು ಏರ್ಪಟ್ಟು, ಬೆಳೆಯೆಲ್ಲವನ್ನೂ ಒಂದೇ ರಾಶಿಯಾಗಿ ಕೂಡಿಸಿ ಮಾರುವ ಪದ್ಧತಿಯು ನಡೆಯಿತು. ರೈತನು ಬೆಳೆಯನ್ನು ಒಪ್ಪಿಸಿ, ಕಂತುಗಳಲ್ಲಿ ಬರತಕ್ಕ ಹಣವನ್ನು ಕಾಯುತ್ತಿದ್ದನು. ಸೋವಿಯೆಟ್ ದೇಶವು ದೊಡ್ಡ ಗಿರಾಕಿಯಾಗಿದ್ದು, 1991ರಲ್ಲಿ ಆ ರಾಜ್ಯವೇ ಒಡೆದುಹೋಯಿತು. 1992ರಿಂದ ಹಂತಹಂತವಾಗಿ ಕಟ್ಟುಗಳು ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರನು ತನ್ನ ಇಷ್ಟಬಂದವರಿಗೆ ಮಾರಲು ಸಂಪೂರ್ಣ ಸ್ವತಂತ್ರನಾದನು. ಸ್ವಾತಂತ್ರ್ಯದೊಡನೆ ಬೆಲೆಯ ಏರಿಳಿತವೂ ಅವನ ಹೆಗಲಿಗೇ ಬಂದಿತು. ಲಂಡನ್ ಪೇಟೆಯಲ್ಲಿ ರೋಬಸ್ಟವು 2001-02ರ ಸುಮಾರಿಗೆ ಟನ್ನಿಗೆ 500 ಡಾಲರುಗಳಿಗಿಂತಲೂ ಕೆಳಗೆ ಬಿದ್ದು ಅನೇಕ ಕುಟುಂಬಗಳನ್ನು ಸಾಲದಲ್ಲಿ ಮುಳುಗಿಸಿತು. ಅದೇ ಪದಾರ್ಥವು 2024ರ ಸೆಪ್ಟೆಂಬರಿನಲ್ಲಿ 5000 ಡಾಲರುಗಳನ್ನು ಮೀರಿತು.

ಈಗ ವ್ಯವಹಾರವು ನಡೆಯುವ ಬಗೆಯನ್ನು ನೋಡಬಹುದು. ರೋಬಸ್ಟಕ್ಕೆ ಲಂಡನ್ನಿನ, ಅರೇಬಿಕಕ್ಕೆ ನ್ಯೂಯಾರ್ಕಿನ ವಾಯಿದೆ ಪೇಟೆಯ ಧಾರಣೆಯು ತಳಹದಿ. ಅದರ ಮೇಲೆ ಇಷ್ಟು ಡಾಲರು ಹೆಚ್ಚೆಂದೋ ಕಡಮೆಯೆಂದೋ ಮಾರುವವನೂ ಕೊಳ್ಳುವವನೂ ಒಪ್ಪಂದ ಮಾಡಿಕೊಳ್ಳುವರು. ಮೊದಲು ನಮೂನೆಯು ಹೋಗುತ್ತದೆ. ಇಟಲಿಯವನು ಅದನ್ನು ಹುರಿದು, ರುಚಿ ನೋಡಿ, ಒಪ್ಪಿದ ಮೇಲೆಯೇ ಸರಕನ್ನು ಹಡಗಿಗೆ ಹಾಕತಕ್ಕದ್ದು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಅಲ್ಲಿಯ ಹುರಿಯುವವರಲ್ಲಿ ಬಹುಮಂದಿ ತಂದೆಯಿಂದ ಮಗನಿಗೆ ಬಂದ ಮನೆತನದ ಉದ್ಯಮದವರು. ಐದಾರು ದೇಶಗಳ ಕಾಫಿಯನ್ನು ಬೆರೆಸಿ, ವರ್ಷಂಪ್ರತಿ ಒಂದೇ ರುಚಿಯನ್ನು ಗಿರಾಕಿಗೆ ಕೊಡುವುದೇ ಅವರ ಬಂಡವಾಳ. ಒಂದು ವರ್ಷ ಅತ್ಯುತ್ತಮವಾದ, ಮರುವರ್ಷ ಸಾಧಾರಣವಾದ ಸರಕನ್ನು ಕಳುಹಿಸುವವನಿಗಿಂತ, ಪ್ರತಿವರ್ಷವೂ ಒಂದೇ ಮಟ್ಟದ ಸರಕನ್ನು ಕಳುಹಿಸುವವನನ್ನೇ ಅವರು ಆದರಿಸುತ್ತಾರೆ. ನಮೂನೆಗೆ ಮಾತ್ರ ಒಳ್ಳೆಯ ಕಾಳನ್ನು ಆಯ್ದು ಕಳುಹಿಸಿ ಚೀಲದಲ್ಲಿ ಬೇರೆಯದನ್ನು ತುಂಬುವ ಚಾತುರ್ಯವು ಒಂದು ಸಲವಷ್ಟೇ ಫಲಿಸುವುದು. ಆಗಸ್ಟ್ ತಿಂಗಳಲ್ಲಿ ಇಟಲಿಯ ಕಾರ್ಖಾನೆಗಳೂ ಕಚೇರಿಗಳೂ ಬಹುಮಟ್ಟಿಗೆ ಬಾಗಿಲು ಹಾಕಿಕೊಂಡು ರಜೆಯಲ್ಲಿರುವುದರಿಂದ, ಆ ಕಾಲದಲ್ಲಿ ಪತ್ರಕ್ಕೆ ಉತ್ತರವು ಬಾರದಿದ್ದರೆ ವ್ಯವಹಾರವು ಮುರಿಯಿತೆಂದು ತಿಳಿಯಬೇಕಾದುದಿಲ್ಲ.

ಸರಕು ಇಳಿಯತಕ್ಕ ಬಂದರುಗಳಲ್ಲಿ ಹೆಸರುವಾಸಿಯಾದುದು ಆಡ್ರಿಯಾಟಿಕ್ ಸಮುದ್ರದ ತುದಿಯಲ್ಲಿರುವ ಟ್ರಿಯೆಸ್ಟ್. ಆಸ್ಟ್ರಿಯದ ಚಕ್ರವರ್ತಿಯಾದ ಆರನೆಯ ಚಾರ್ಲ್ಸನು 1719ರಲ್ಲಿ ಅದನ್ನು ಸುಂಕವಿಲ್ಲದ ಬಂದರಾಗಿ ಸಾರಿದನು. ಅಂದಿನಿಂದ ಬೆಳೆದ ಕಾಫಿಯ ವ್ಯಾಪಾರವು ಇಂದಿಗೂ ಆ ಊರಿನ ಜೀವಾಳವಾಗಿದೆ. ಉಗ್ರಾಣದವರು, ಮಾದರಿ ತೆಗೆಯುವವರು, ರುಚಿ ನೋಡುವವರು, ಹುರಿಯುವವರು ಎಲ್ಲರೂ ಒಂದೇ ಕಡೆಯಲ್ಲಿ ದೊರೆಯುವರು. ಹಸಿ ಕಾಫಿ ಬೀಜದ ಮೇಲೆ ಯೂರೋಪಿನ ಒಕ್ಕೂಟದಲ್ಲಿ ಆಮದು ಸುಂಕವಿಲ್ಲವೆಂಬುದು ಇಲ್ಲಿಯ ರೈತನಿಗೆ ಅನುಕೂಲವಾದ ಸಂಗತಿಯು.

ಒಂದು ಕಂಟೇನರ್ ಪೆಟ್ಟಿಗೆಯಲ್ಲಿ 60 ಕಿಲೋಗ್ರಾಂ ತೂಕದ 320 ಚೀಲಗಳು, ಎಂದರೆ 19,200 ಕಿಲೋಗ್ರಾಂ ಹಿಡಿಯುವುದು ವಾಡಿಕೆ. ಪ್ರತಿಯೊಂದು ಚೀಲದ ಮೇಲೆಯೂ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಗುರುತನ್ನು ಅಚ್ಚೊತ್ತಬೇಕು. ಅದರಲ್ಲಿ ಮೊದಲನೆಯ ಅಂಕೆಯಾದ 14 ಎಂಬುದು ಭಾರತವನ್ನು ಸೂಚಿಸುವುದು, ಮುಂದಿನವು ರಫ್ತುದಾರನ ಮತ್ತು ಸರಕಿನ ಸಂಖ್ಯೆಗಳು. ಚೀಲದ ಸೆಣಬೂ ವಿಚಾರಿಸತಕ್ಕದ್ದೇ. ಸೆಣಬನ್ನು ನೂಲುವಾಗ ಖನಿಜತೈಲವನ್ನು ಬಳಸಿದ್ದರೆ ಅದರ ವಾಸನೆಯು ಬೀಜಕ್ಕೆ ಹತ್ತುತ್ತದೆ. ಆದುದರಿಂದ ಸಸ್ಯತೈಲದಿಂದ ಸಿದ್ಧಪಡಿಸಿದ ಚೀಲಗಳನ್ನೇ ಕೊಳ್ಳುವವರು ಕೇಳುತ್ತಾರೆ. ಕಾಫಿಯ ಬೀಜವು ಹತ್ತಿರವಿದ್ದುದರ ವಾಸನೆಯನ್ನು ಬಹು ಬೇಗನೆ ಹೀರುವ ಪದಾರ್ಥ. ಮನೆಯ ಅಟ್ಟದಲ್ಲಿ ಗೊಬ್ಬರದ ಚೀಲ, ಸೀಮೆ‌ಎಣ್ಣೆಯ ಡಬ್ಬ, ಮೆಣಸು, ಏಲಕ್ಕಿಗಳ ಪಕ್ಕದಲ್ಲಿ ಕಾಫಿಯನ್ನಿಡುವ ರೈತನು ಇದನ್ನು ಮನಸ್ಸಿನಲ್ಲಿಡಬೇಕು.

ತೂಕದ ವಿಷಯದಲ್ಲಿ ಯೂರೋಪಿನ ಕಾಫಿ ವ್ಯಾಪಾರದ ಮಾದರಿ ಕರಾರು ಬಹಳ ಸ್ಪಷ್ಟವಾಗಿದೆ. ಹಡಗಿಗೆ ಹಾಕಿದ ತೂಕಕ್ಕೂ ಅಲ್ಲಿ ಇಳಿಸಿದ ತೂಕಕ್ಕೂ ನಡುವೆ ಶೇಕಡ ಅರ್ಧದಷ್ಟು ಕೊರತೆಯನ್ನು ಮಾತ್ರ ಕೊಳ್ಳುವವನು ಸಹಿಸುವನು; ಅದನ್ನು ಮೀರಿದುದಕ್ಕೆ ಮಾರಿದವನೇ ಹಣವನ್ನು ಹಿಂದಿರುಗಿಸಬೇಕು. ಶೇಕಡ 12.5 ತೇವವಿರುವ ಕಾಫಿಯನ್ನು ತುಂಬಿ, ಅದು ದಾರಿಯಲ್ಲಿಯೂ ಉಗ್ರಾಣದಲ್ಲಿಯೂ ಒಣಗಿ ಶೇಕಡ 11ಕ್ಕೆ ಇಳಿದಿತೆಂದು ಇಟ್ಟುಕೊಂಡರೆ, 19,200 ಕಿಲೋಗ್ರಾಂ ಸುಮಾರು 18,876 ಆಗುವುದು. ಎಂದರೆ 324 ಕಿಲೋಗ್ರಾಂ ಕೊರತೆ. ಸಹಿಸತಕ್ಕ 96 ಕಿಲೋಗ್ರಾಂ ಕಳೆದರೆ 228 ಕಿಲೋಗ್ರಾಮಿಗೆ ಉತ್ತರ ಹೇಳಬೇಕಾಗುತ್ತದೆ. ಟನ್ನಿಗೆ 4300 ಡಾಲರು ಬೆಲೆಯಾದರೆ ಇದು 980 ಡಾಲರಿನ ನಷ್ಟ. ನೀರನ್ನು ಕಾಫಿಯ ಬೆಲೆಗೆ ಮಾರುವ ಆಸೆಯಿಂದ ಅರೆಬರೆ ಒಣಗಿಸಿದ ಸರಕನ್ನು ಒಪ್ಪಿಸುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬಹುದು. ಇದಾದರೂ ಒಣಗಿ ತಲಪಿದ ಸರಕಿನ ಮಾತು. ಒಣಗದೆ ತಲಪಿದುದರ ಗತಿಯು ಇನ್ನೂ ಕೆಟ್ಟದು. ಮಂಗಳೂರು, ಕೊಚ್ಚಿಗಳ ಬಿಸಿಯಲ್ಲಿ ಮುಚ್ಚಿದ ಪೆಟ್ಟಿಗೆಯು ಯೂರೋಪಿನ ಚಳಿಯನ್ನು ಹೊಕ್ಕಾಗ, ಬೀಜದಿಂದ ಹೊರಟ ಆವಿಯು ಕಬ್ಬಿಣದ ಮೇಲ್ಛಾವಣಿಗೆ ತಗಲಿ, ಹನಿಗಟ್ಟಿ, ಒಳಗೇ ಮಳೆಯಂತೆ ಚೀಲಗಳ ಮೇಲೆ ಬೀಳುತ್ತದೆ. ಮೇಲಿನ ಸಾಲಿನ ಚೀಲಗಳು ಬೂಷ್ಟು ಹಿಡಿಯುವುವು. ಪೆಟ್ಟಿಗೆಯ ಒಳಮೈಗೆ ದಪ್ಪ ಕಾಗದವನ್ನು ಹೊದಿಸಿ, ತೇವ ಹೀರುವ ಚೀಲಗಳನ್ನು ತೂಗಹಾಕುವುದು ಇದಕ್ಕೆ ಪರಿಹಾರವಾದರೂ, ಒದ್ದೆ ಕಾಫಿಯನ್ನು ಯಾವ ಕಾಗದವೂ ಕಾಪಾಡಲಾರದು.

ಆದುದರಿಂದ ಇಟಲಿಯ ಪೇಟೆಯಲ್ಲಿ ಗೆಲ್ಲುವುದೂ ಸೋಲುವುದೂ ಬಹುಪಾಲು ಮಲೆನಾಡಿನ ಕಣದಲ್ಲಿಯೇ ತೀರ್ಮಾನವಾಗುತ್ತದೆ. ಹಣ್ಣನ್ನು ಕೊಯ್ದ ದಿನವೇ ಹರವಬೇಕು. ಚೀಲದಲ್ಲಿ ಕಟ್ಟಿಟ್ಟರೆ ರಾತ್ರಿಯೊಳಗೆ ಬಿಸಿಯೇರಿ ಹುಳಿಯುವುದು. ಹಸಿರುಗಾಯಿಯನ್ನೂ ನೆಲಕ್ಕುದುರಿದ ಕಾಯಿಯನ್ನೂ ಬೇರೆಯಾಗಿಯೇ ಒಣಗಿಸತಕ್ಕದ್ದು. ಮಣ್ಣಿನ ಕಣದ ಮೇಲೆ ಒಣಗಿಸಿದುದಕ್ಕೆ ಮಣ್ಣಿನ ವಾಸನೆಯು ತಪ್ಪದು. ಗಾರೆಯ ಇಲ್ಲವೆ ಇಟ್ಟಿಗೆಯ ಕಣವನ್ನು ಕಟ್ಟಿಸಲು ಶಕ್ತಿಯಿಲ್ಲದವರು ದಪ್ಪ ತಾಟನ್ನಾದರೂ ಹಾಸಬೇಕು. ತೆಳುವಾಗಿ ಹರವಿ, ಹಗಲಿನಲ್ಲಿ ಗಂಟೆಗೊಮ್ಮೆಯಾದರೂ ಕೈಯಾಡಿಸಿ, ಸಂಜೆ ಮಂಜಿಗೆ ಮುಂಚೆ ಗುಡ್ಡೆಮಾಡಿ ಮುಚ್ಚಬೇಕು. 2021ರ ಜನವರಿಯಲ್ಲಿ ಬಂದಂತಹ ಅಕಾಲದ ಮಳೆಯು ಕೊಯ್ಲಿನ ನಡುವೆ ಬಂದಾಗ, ಮುಚ್ಚುವ ತಾಟು ಅಟ್ಟದಲ್ಲಿದ್ದವನ ಪಾಡಿಗೂ ಕಣದ ಬದಿಯಲ್ಲಿದ್ದವನ ಪಾಡಿಗೂ ಬಹಳ ವ್ಯತ್ಯಾಸವಿತ್ತು. ಪಾರ್ಚ್‌ಮೆಂಟನ್ನು ಶೇಕಡ 10ರ, ಚೆರಿಯನ್ನು ಶೇಕಡ 11ರ ತೇವಕ್ಕೆ ಇಳಿಸುವುದು ಗುರಿ. ಕೈಯಲ್ಲಿ ಅಲುಗಿಸಿ ಸಪ್ಪಳ ಕೇಳುವ ಹಿರಿಯರ ಪರೀಕ್ಷೆಯು ತಕ್ಕಮಟ್ಟಿಗೆ ನಂಬತಕ್ಕದ್ದೇ. ಆದರೆ ಒಂದು ಊರಿಗೆ ಒಂದಾದರೂ ತೇವಮಾಪಕವಿದ್ದರೆ ಸಂಶಯಕ್ಕೆಡೆಯಿರುವುದಿಲ್ಲ. ಔಟ್‌ಟರ್ನಿನ ಮೇಲೆ ಮಾರುವವರಿಗೆ ಇದರಲ್ಲಿ ನೇರವಾದ ಲಾಭವೂ ಉಂಟು. 50 ಕಿಲೋಗ್ರಾಂ ರೋಬಸ್ಟ ಚೆರಿಯಿಂದ ಬರತಕ್ಕ ಬೀಜವು 26 ಕಿಲೋಗ್ರಾಮೋ 28 ಕಿಲೋಗ್ರಾಮೋ ಎಂಬುದು ಒಣಗಿಸಿದ ರೀತಿಯನ್ನೂ ಬಲಿತ ಹಣ್ಣನ್ನೇ ಕೊಯ್ದುದನ್ನೂ ಬಹಳವಾಗಿ ಅವಲಂಬಿಸಿದೆ.

ಒಣಗುವುದು ತಡವಾದಾಗ ಹುಟ್ಟತಕ್ಕ ಬೂಷ್ಟಿನ ಕೆಲವು ಜಾತಿಗಳು ‘ಓಕ್ರಟಾಕ್ಸಿನ್’ ಎಂಬ ವಿಷವನ್ನು ಉಂಟುಮಾಡುತ್ತವೆ. ಇದು ಕಣ್ಣಿಗೆ ಕಾಣದು. ಹುರಿದಾಗಲೂ ಪೂರ್ಣವಾಗಿ ನಾಶವಾಗದು. ಮೂತ್ರಪಿಂಡಗಳಿಗೆ ಕೆಡುಕನ್ನು ಮಾಡತಕ್ಕದ್ದು. ಹುರಿದ ಕಾಫಿಯಲ್ಲಿ ಇದು ಕಿಲೋಗ್ರಾಮಿಗೆ 5 ಮೈಕ್ರೋಗ್ರಾಮಿಗಿಂತ ಹೆಚ್ಚಿರಬಾರದೆಂದು ಯೂರೋಪಿನ ಒಕ್ಕೂಟವು 2005ರಲ್ಲಿ ವಿಧಿಸಿತ್ತು. 2023ರಿಂದ ಈ ಮಿತಿಯನ್ನು 3 ಮೈಕ್ರೋಗ್ರಾಮಿಗೆ ಇಳಿಸಿದೆ. ಹುರಿಯುವವನೇ ಅಲ್ಲಿ ಕಾನೂನಿಗೆ ಉತ್ತರ ಹೇಳಬೇಕಾದುದರಿಂದ, ಅವನು ಹಸಿ ಬೀಜವನ್ನೇ ಮೊದಲು ಪರೀಕ್ಷಿಸಿ ಕೊಳ್ಳುವನು.

ಔಷಧಿಗಳ ವಿಷಯವೂ ಇದೇ ಬಗೆಯದು. ಬಿಳಿ ಕಾಂಡಕೊರಕ, ಕಾಯಿಕೊರಕಗಳಿಗಾಗಿ ಬಹುಕಾಲ ಬಳಕೆಯಲ್ಲಿದ್ದ ಕ್ಲೋರ್‌ಪೈರಿಫಾಸಿಗೆ ಯೂರೋಪಿನ ಒಕ್ಕೂಟವು 2020ರಲ್ಲಿ ಅನುಮತಿಯನ್ನು ನವೀಕರಿಸಲಿಲ್ಲ. ಆ ಬಳಿಕ ಕಾಫಿಯಲ್ಲಿ ಅದರ ಶೇಷಕ್ಕೆ ಇಟ್ಟ ಮಿತಿಯು ಕಿಲೋಗ್ರಾಮಿಗೆ 0.01 ಮಿಲಿಗ್ರಾಂ, ಪರೀಕ್ಷೆಯ ಯಂತ್ರವು ಗುರುತಿಸಬಲ್ಲ ಅತ್ಯಲ್ಪ ಪ್ರಮಾಣವೇ ಅದು ಎನ್ನಬಹುದು. ಕೀಟಕ್ಕೆ ಬೇರೆ ಗಡಿಯಿಲ್ಲ, ಔಷಧಿಗೆ ಮಾತ್ರ ಗಡಿಯುಂಟು ಎಂದು ರೈತನು ಮುನಿಯುವುದರಲ್ಲಿ ನ್ಯಾಯವಿಲ್ಲದಿಲ್ಲ. ಆದರೂ ಒಂದು ತೋಟದ ಕಾಫಿಯು ಸಂಸ್ಕರಣ ಶಾಲೆಯಲ್ಲಿ ಇಪ್ಪತ್ತು ತೋಟಗಳ ಕಾಫಿಯೊಡನೆ ಬೆರೆಯುವುದರಿಂದ, ಒಬ್ಬನ ಅಜಾಗರೂಕತೆಗೆ ಇಪ್ಪತ್ತು ಜನರು ದಂಡ ತೆರುವಂತಾಗುತ್ತದೆ. ಕಾಂಡಕೊರಕ ಹತ್ತಿದ ಗಿಡಗಳನ್ನು ಗುರುತಿಸಿ ಕಿತ್ತು ಸುಡುವುದು, ನೆರಳನ್ನು ಹದವಾಗಿಡುವುದು, ಕೊಯ್ಲಿನ ತರುವಾಯ ಗಿಡದಲ್ಲಿಯೂ ನೆಲದಲ್ಲಿಯೂ ಒಂದು ಕಾಯಿಯೂ ಉಳಿಯದಂತೆ ಆರಿಸುವುದು ಮೊದಲಾದ ಹಳೆಯ ಕ್ರಮಗಳಿಗೆ ಈ ಕಾರಣದಿಂದ ಹೊಸ ಬೆಲೆಯು ಬಂದಿದೆ.

ಎಲ್ಲಕ್ಕಿಂತ ಹೊಸದಾದುದು ಕಾಡನ್ನು ಕುರಿತ ಕಾಯಿದೆ. 2023ರಲ್ಲಿ ಯೂರೋಪಿನ ಒಕ್ಕೂಟವು ಮಾಡಿದ ಈ ವಿಧಿಯ ಪ್ರಕಾರ, 2020ರ ಡಿಸೆಂಬರ್ 31ರ ಅನಂತರ ಕಾಡು ಕಡಿದು ಮಾಡಿದ ನೆಲದಲ್ಲಿ ಬೆಳೆದ ಕಾಫಿಯು ಅಲ್ಲಿಯ ಪೇಟೆಯನ್ನು ಪ್ರವೇಶಿಸಲಾಗದು. ಬೆಳೆದ ದೇಶದ ಕಾನೂನಿಗೆ ವಿರೋಧವಾಗಿ ಬೆಳೆದುದೂ ಹಾಗೆಯೇ. ಜಾರಿಯ ದಿನವು ಮೊದಲು 2024ರ, ಬಳಿಕ 2025ರ ಡಿಸೆಂಬರ್ 30 ಎಂದಿದ್ದುದು, ಎರಡನೆಯ ಸಲ ಮುಂದೆ ಹೋಗಿ ದೊಡ್ಡ ವರ್ತಕರಿಗೆ 2026ರ ಡಿಸೆಂಬರ್ 30 ಎಂದಾಗಿದೆ. ಕಾಫಿಯು ಬೆಳೆದ ಪ್ರತಿಯೊಂದು ಜಮೀನಿನ ಅಕ್ಷಾಂಶ ರೇಖಾಂಶಗಳನ್ನು ಒದಗಿಸಬೇಕು. ನಾಲ್ಕು ಹೆಕ್ಟೇರಿಗೆ ಮೀರಿದ ಜಮೀನಾದರೆ ಅದರ ಎಲ್ಲೆಯ ನಕ್ಷೆಯನ್ನೇ ಕೊಡಬೇಕು. 2025ರಲ್ಲಿ ಭಾರತವನ್ನು ಕಡಮೆ ಅಪಾಯದ ದೇಶಗಳ ಪಟ್ಟಿಯಲ್ಲಿ ಸೇರಿಸಿದುದರಿಂದ ವಿಚಾರಣೆಯು ಸುಲಭವಾಗಿದೆಯೇ ಹೊರತು, ಜಮೀನಿನ ಗುರುತು ತಪ್ಪಿಲ್ಲ.

ಇಲ್ಲಿ ಕಾಫಿಯು ಹಲಸು, ನಂದಿ, ಅತ್ತಿ, ಹಾಲುವಾಣಗಳ ನೆರಳಿನಲ್ಲಿ ಬೆಳೆಯುವುದರಿಂದ, ಆಕಾಶದಿಂದ ತೆಗೆದ ಚಿತ್ರದಲ್ಲಿ ತೋಟಕ್ಕೂ ಕಾಡಿಗೂ ಭೇದವು ಸುಲಭವಾಗಿ ತೋರದು. ಮರಗಳ ಕೆಳಗೆ ಮಾಡುವ ಬೇಸಾಯವನ್ನು ಕಾಡೆಂದೆಣಿಸಬಾರದೆಂದು ಆ ಕಾಯಿದೆಯೇ ಹೇಳುತ್ತದೆ. ಆದರೆ ಹಳೆಯ ತೋಟದಲ್ಲಿ ನೆರಳನ್ನು ಒಮ್ಮೆಗೇ ಬೋಳಿಸಿದವನ ಭೂಮಿಯು ಚಿತ್ರದಲ್ಲಿ ಕಾಡು ಕಡಿದಂತೆ ಕಾಣಿಸಿಕೊಂಡರೆ, ತೋಟವು ಮೊದಲಿನಿಂದಲೂ ಇದ್ದಿತೆಂದು ಸ್ಥಾಪಿಸುವ ಹೊರೆಯು ಅವನದೇ. ದಾಖಲೆಗಳ ತೊಡಕು ಇದಕ್ಕಿಂತ ಆಳವಾದುದು. ಕೊಡಗಿನ ಜಮ್ಮಾ ಬಾಣೆಗಳಲ್ಲಿ ಅನೇಕವು ಇಂದಿಗೂ ಕುಟುಂಬದ ಹಿರಿಯರ ಹೆಸರಿನಲ್ಲಿವೆ; ಅಣ್ಣತಮ್ಮಂದಿರು ಬಾಯಿಮಾತಿನಿಂದ ಪಾಲುಮಾಡಿಕೊಂಡು ಬೆಳೆಯುತ್ತಿರುವ ತೋಟಗಳು ಎಲ್ಲ ಜಿಲ್ಲೆಗಳಲ್ಲಿಯೂ ಉಂಟು; ಒತ್ತುವರಿಯ ಭೂಮಿಯ ಮಾತಂತೂ ಹೇಳಬೇಕಾದುದಿಲ್ಲ. ಭಾರತದ ಕಾಫಿ ಬೆಳೆಗಾರರಲ್ಲಿ ಬಹುಮಂದಿ ಹತ್ತು ಹೆಕ್ಟೇರಿಗೆ ಒಳಗಿನ ಸಣ್ಣ ಹಿಡುವಳಿದಾರರು. ಲೆಕ್ಕಪತ್ರವಿಡಲು ಗುಮಾಸ್ತರಿರುವ ದೊಡ್ಡ ಎಸ್ಟೇಟುಗಳು ಈ ನಿಯಮಗಳನ್ನು ಬೇಗನೆ ಪೂರೈಸುವುವು. ಸಣ್ಣ ರೈತನ ಕಾಫಿಯು ಗುರುತಿಲ್ಲದ ಸರಕಿನ ರಾಶಿಗೆ ಬಿದ್ದು, ಯೂರೋಪಿನ ಬೆಲೆಯಿಂದ ದೂರವಾಗುವ ಭಯವು ಹುಸಿಯಾದುದಲ್ಲ.

ಕಾಫಿ ಮಂಡಲಿಯು ಬೆಳೆಗಾರರ ಜಮೀನುಗಳ ನೋಂದಣಿಯನ್ನು ಕೈಗೊಂಡಿದೆ. ಪಹಣಿಯಲ್ಲಿ ಕಾಫಿಯೆಂಬ ಬೆಳೆಯು ನಮೂದಾಗಿದೆಯೇ, ಹೆಸರು ಯಾರದು, ಎಲ್ಲೆಯ ಗುರುತುಗಳು ನಿಜಕ್ಕೆ ಸರಿಹೊಂದುತ್ತವೆಯೇ ಎಂಬುದನ್ನು ಕೊಯ್ಲಿಗೆ ಮುಂಚಿನ ಮಳೆಗಾಲದ ಬಿಡುವಿನಲ್ಲಿಯೇ ನೋಡಿಕೊಂಡು, ಹತ್ತಿರದ ಮಂಡಲಿಯ ಕಚೇರಿಯಲ್ಲಿ ದಾಖಲೆ ಮಾಡಿಸುವುದು ಅನುಕೂಲ. ಪೌತಿಯ ಖಾತೆಯನ್ನು ಬದಲಿಸಬೇಕಾದವರು ತಹಶೀಲ್ದಾರರ ಕಚೇರಿಯಲ್ಲಿ ಆಗುವ ವಿಳಂಬವನ್ನೂ ಲೆಕ್ಕಕ್ಕೆ ಹಿಡಿದು ಅರ್ಜಿಯನ್ನು ಮೊದಲೇ ಕೊಡತಕ್ಕದ್ದು. ಮಾರುವಾಗ ವ್ಯಾಪಾರಿಯಿಂದ ತೂಕ, ಔಟ್‌ಟರ್ನು, ದಿನಾಂಕ, ಸರ್ವೆ ನಂಬರುಗಳನ್ನು ಬರೆದ ರಶೀದಿಯನ್ನು ಪಡೆದು, ಸಿಂಪಡಿಸಿದ ಔಷಧಿಗಳ ಲೆಕ್ಕವಿರುವ ಪುಸ್ತಕದೊಡನೆ ಇಟ್ಟುಕೊಳ್ಳಬೇಕು. ಟ್ರಿಯೆಸ್ಟಿನ ಉಗ್ರಾಣದಲ್ಲಿ ಚೀಲದ ಮೂಲವನ್ನು ಕೇಳುವವರಿಗೆ ತೋರಿಸತಕ್ಕ ಕಾಗದವು ಅಲ್ಲಿಂದಲೇ ಹೊರಡುತ್ತದೆ.